ಏರಿಯ ಮೇಲೆ ಓಡಿದವನು

ಆಗಿನ ಶಿಡ್ಲಘಟ್ಟಕ್ಕೆ ಬರುವವರಿಗೆ ಊರು ಕಾಣುವುದಕ್ಕೆ ಮೊದಲೇ ಅದರ ವಾಸನೆ ಸಿಗುತ್ತಿತ್ತು. ಚಿಕ್ಕಬಳ್ಳಾಪುರದ ಕಡೆಯಿಂದ ಸಣ್ಣ ರೈಲು ಏದುಸಿರು ಬಿಡುತ್ತಾ ಬಂದು ತಿರುವಿನಲ್ಲಿ ಕೂಗು ಹಾಕುವ ಹೊತ್ತಿಗೆ, ರೇಷ್ಮೆಗೂಡು ಬೇಯಿಸುವ ಒಲೆಗಳ ವಾಸನೆ ಡಬ್ಬಿಯೊಳಕ್ಕೆ ನುಗ್ಗಿಬಿಡುತ್ತಿತ್ತು. ಹೊರಗಿನವರು ಕರ್ಚೀಫು ಹುಡುಕುತ್ತಿದ್ದರು. ನಾವು ಹುಡುಗರು ಮಾತ್ರ ಮೂಗು ಅರಳಿಸಿ, ಬಂತು ಬಂತು ಎಂದು ಎದ್ದು ನಿಲ್ಲುತ್ತಿದ್ದೆವು. ಚಳಿಗಾಲದಲ್ಲಿ ಆ ವಾಸನೆಯ ಜೊತೆಗೆ ಅವರೆಕಾಯಿಯ ಸೊಗಡೂ ಸೇರಿಕೊಳ್ಳುತ್ತಿತ್ತು. ಎಲ್ಲರ ಬೆರಳುಗಳಲ್ಲೂ ಅದೇ ಸೊಗಡು, ಶಾಲೆಯ ಪುಸ್ತಕಗಳಲ್ಲೂ ಅದೇ.

ನನ್ನ ಸಿನಿಮಾಗಳನ್ನು ನೋಡಿದವರು ಕೇಳುವುದುಂಟು, ಈ ದಾರಿಗೆ ಹೇಗೆ ಬಂದಿರಿ ಎಂದು. ಸಭೆಗಳಲ್ಲಿ ಹೇಳುವುದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದೇನೆ. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮೂರಿಗೆ ಒಂದು ಚಿತ್ರತಂಡ ಬಂತು, ಅವರಿಗೊಬ್ಬ ಹುಡುಗ ಬೇಕಾಗಿದ್ದ, ಹಾಗೆ ಬಾಲನಟನಾದೆ, ಬೆಳೆದ ಮೇಲೆ ಕ್ಯಾಮೆರಾದ ಹಿಂದಕ್ಕೆ ಹೋದೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ತಂಡದವರು ಮೊದಲು ಆರಿಸಿದ್ದು ನನ್ನನ್ನಲ್ಲ ಎನ್ನುವುದನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ.

ಅವರು ಆರಿಸಿದ್ದು ಮುನಿರಾಜುವನ್ನು. ಅವನು ನನ್ನ ಕ್ಲಾಸಿನವನು, ನನ್ನ ಬೆಂಚಿನವನು. ಕೆರೆಯ ಕೆಳಗಿನ ಬೀದಿಯ ಕೊನೆಯ ಮನೆ ಅವರದು. ಹಿತ್ತಲು ದಾಟಿದರೆ ಅವರದೇ ಹಿಪ್ಪುನೇರಳೆ ತೋಟ. ಅಪ್ಪ ನಾರಾಯಣಪ್ಪ ಹೊಲ ತೋಟ ನೋಡಿಕೊಳ್ಳುತ್ತಿದ್ದರು, ಮನೆಯೊಳಗೆ ರೇಷ್ಮೆಹುಳ ಸಾಕುವ ಕೆಲಸವೆಲ್ಲ ತಾಯಿ ಅಕ್ಕಾಯಮ್ಮನವರದು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಆ ತಟ್ಟೆಗಳ ತುಂಬ ಹುಳ. ಸೊಪ್ಪು ಹಾಕಿದಾಗ ಅವು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತಿತ್ತು. ಮನೆಮಾತು ತೆಲುಗು. ಮುನಿರಾಜುವಿನ ಕನ್ನಡಕ್ಕೂ ತೆಲುಗಿನ ರಾಗವಿತ್ತು. ಪಾಠ ಓದಲು ನಿಲ್ಲಿಸಿದರೆ ಪ್ರತಿ ಸಾಲಿನಲ್ಲೂ ಎಡವುತ್ತಿದ್ದ.

ಅವನು ಎಡವದೆ ಇದ್ದದ್ದು ಓಡುವಾಗ. ಲಗೋರಿ ಆಡಲಿ, ಚಿನ್ನಿದಾಂಡು ಆಡಲಿ, ಅವನನ್ನು ಹಿಡಿದವರನ್ನು ನಾನು ನೋಡಿಲ್ಲ. ಎಷ್ಟೋ ಸಂಜೆ ಸಣ್ಣ ರೈಲಿನ ಜೊತೆಗೇ ಪಂದ್ಯ ಕಟ್ಟಿ ಕಂಬಿಯ ಪಕ್ಕದಲ್ಲಿ ಓಡುತ್ತಿದ್ದ. ಅವನ ಓಟಕ್ಕೆ ಒಂದು ಗುರುತಿತ್ತು. ಬಲಗೈ ಎದೆಗೆ ಒತ್ತಿಕೊಂಡಿರುತ್ತಿತ್ತು, ಎಡಗೈ ಮಾತ್ರ ಬಿತ್ತನೆ ಮಾಡುವವರು ಕಾಳು ಎರಚುವ ಹಾಗೆ ಅಗಲಕ್ಕೆ ಬೀಸುತ್ತಿತ್ತು. ಎಷ್ಟು ದೂರದಿಂದ ನೋಡಿದರೂ ಮುನಿರಾಜು ಎಂದು ಹೇಳಬಹುದಾಗಿತ್ತು.

ದೀಪಾವಳಿ ಕಳೆದು ರಾಗಿ ಕೊಯ್ಲು ನಡೆಯುತ್ತಿದ್ದ ದಿನಗಳು. ಮದರಾಸಿನಿಂದ ಎರಡು ವ್ಯಾನುಗಳಲ್ಲಿ ಬಂದ ಚಿತ್ರತಂಡದವರು ಟ್ರಾವೆಲರ್ಸ್ ಬಂಗಲೆಯಲ್ಲಿ ಇಳಿದುಕೊಂಡರು. ಹದಿನೈದು ದಿನ ನಮ್ಮ ಕೆರೆ ಏರಿ, ಗದ್ದೆ ಬಯಲುಗಳಲ್ಲಿ ಚಿತ್ರ ತೆಗೆದು, ಉಳಿದದ್ದನ್ನು ಮದರಾಸಿನ ಸ್ಟುಡಿಯೋದಲ್ಲಿ ಮುಗಿಸುವವರಿದ್ದರು. ಡೈರೆಕ್ಟರು ಮೈಸೂರು ಕಡೆಯವರು. ಸಣಕಲು ಮೈ, ಕೊರಳಿಗೆ ಮಫ್ಲರ್, ಮೆತ್ತಗಿನ ಮಾತು. ನಮ್ಮಪ್ಪ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದರಿಂದ ಹುಡುಗನನ್ನು ಹುಡುಕಲು ಅವರ ಬಳಿಗೇ ಬಂದರು.

ಕಥೆ ಇಷ್ಟೇ. ತಾಯಿಯಿಲ್ಲದ ಹುಡುಗ, ಸಾಕಿದ ಅಕ್ಕ. ಅಕ್ಕನಿಗೆ ದೂರದ ಊರಿಗೆ ಮದುವೆಯಾಗುತ್ತದೆ. ಅವಳನ್ನು ಕರೆದೊಯ್ಯುವ ಜಟಕಾದ ಹಿಂದೆ ಹುಡುಗ ಕೆರೆ ಏರಿಯ ಉದ್ದಕ್ಕೂ ಓಡುತ್ತಾನೆ.

ಡೈರೆಕ್ಟರು ನಮ್ಮನ್ನೆಲ್ಲ ಒಂದೊಂದು ಪುಟ ಓದಿಸಿದರು. ನಾನು ಪುಸ್ತಕ ನೋಡದೆಯೇ ಒಪ್ಪಿಸಿಬಿಟ್ಟೆ. ಅವರು ತಲೆದೂಗಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗಿ, "ಆ ಹುಣಸೆಮರ ಮುಟ್ಟಿ ಬನ್ನಿ" ಅಂದರು. ನಾವಿನ್ನೂ ಅರ್ಧ ದಾರಿಯಲ್ಲಿರುವಾಗ ಮುನಿರಾಜು ಎದುರಿನಿಂದ ವಾಪಸು ಬರುತ್ತಿದ್ದ.

"ಇವನೇ" ಅಂದರು ಡೈರೆಕ್ಟರು.

ಅಪ್ಪ ಸಂಕೋಚದಿಂದ, "ಒಳ್ಳೇ ಹುಡುಗ ಸಾರ್. ಆದ್ರೆ ಮನೇಲಿ ತೆಲುಗು, ಓದೋದು ಸ್ವಲ್ಪ ಕಷ್ಟ" ಅಂದರು.

"ಓದ್ಸೋದು ನಾವು ಓದ್ಸ್ಕೋತೀವಿ ಮೇಷ್ಟ್ರೇ. ಹೀಗೆ ಓಡ್ಸೋದು ನಮ್ಮ ಕೈಲಾಗಲ್ಲ." ನನ್ನ ಕಡೆ ತಿರುಗಿ, "ನೀನು ಇವನಿಗೆ ಮಾತು ಹೇಳ್ಕೊಡ್ತೀಯೇನಪ್ಪ?" ಎಂದು ಕೇಳಿದರು.

ಹೂಂ ಅಂದೆ. ಮನೆಗೆ ಬಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಮ್ಮ ಬಂದು ಯಾಕೋ ಎಂದಾಗ ನೀರೊಲೆಯ ಹೊಗೆ ಅಂದೆ. ನೀರೊಲೆ ಹಚ್ಚಿಯೇ ಇರಲಿಲ್ಲ.

ಮುನಿರಾಜುವಿಗೆ ಮಾತು ಕಲಿಸುವ ಕೆಲಸ ಅವರ ಮನೆಯಲ್ಲೇ ನಡೆಯಿತು. ಹುಳದ ತಟ್ಟೆಗಳ ನಡುವೆ ಚಾಪೆ ಹಾಕಿಕೊಂಡು ಕೂರುತ್ತಿದ್ದೆವು.

"ಅಕ್ಕಾ, ನನ್ನ ಬಿಟ್ಟು ಹೋಗ್ತೀಯಾ?"

"ಅಕ್ಕಾ, ನನ್ನ ಬಿಟ್ಟು ಓತೀಯಾ?"

"ಓತೀಯಾ ಅಲ್ವೋ, ಹೋಗ್ತೀಯಾ. ಹೊಟ್ಟೆಯಿಂದ ಹೇಳು."

"ಹೊಟ್ಟೆ ಖಾಲಿ ಕಣೋ" ಎಂದು ಅವನು ನಗುತ್ತಿದ್ದ. ಅಷ್ಟರಲ್ಲಿ ಅಕ್ಕಾಯಮ್ಮ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ ತಂದು ನಮ್ಮ ಮಧ್ಯೆ ಸುರಿಯುತ್ತಿದ್ದರು. ಬಿಸಿಬಿಸಿ ಕಾಯಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಕಾಳು ಬಾಯಿಗೆ, ಸಿಪ್ಪೆ ಕೈಗೆ. ಅವರ ಮನೆಯಲ್ಲಿ ತಿಂದದ್ದನ್ನು ನಾನು ನಮ್ಮ ಮನೆಯಲ್ಲಿ ಹೇಳುತ್ತಿರಲಿಲ್ಲ.

"ನಮ್ಮೋನ ಮೊಕ ಅಷ್ಟಗಲ ಕಾಣ್ತದಂತಾ ಸುಬ್ಬು?" ಎಂದು ಅಕ್ಕಾಯಮ್ಮ ಎರಡೂ ಕೈ ಅಗಲಿಸಿ ನನ್ನನ್ನು ಕೇಳುತ್ತಿದ್ದರು. "ಚಿಂತಾಮಣಿ ಟೆಂಟಲ್ಲೂ ಆಡ್ತಾರಂತಾ? ನಮ್ಮಣ್ಣನೋರೆಲ್ಲ ನೋಡ್ತಾರಾ?" ಚಿಂತಾಮಣಿ ಅವರ ತವರು.

ಕಲಿಸುತ್ತಾ ಕಲಿಸುತ್ತಾ ಎಲ್ಲ ಮಾತುಗಳೂ ನನಗೆ ಬಾಯಿಪಾಠವಾದವು. ಅವನ ಮಾತು, ಅಕ್ಕನ ಮಾತು, ಎಲ್ಲಿ ಬಿಕ್ಕಬೇಕು, ಎಲ್ಲಿ ತಡೆದು ನಿಲ್ಲಬೇಕು ಎಲ್ಲ. ಅವನಿಗೆ ಎಲ್ಲ ಬರಲಿಲ್ಲ. ಆದರೂ ಡೈರೆಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಮುಖ ಕಾಣುವ, ಮಾತಾಡುವ ದೃಶ್ಯಗಳನ್ನು ಕೊನೆಗಿಟ್ಟುಕೊಂಡು ಮೊದಲು ಓಟ ತೆಗೆಯೋಣ ಅಂದರು.

ಓಟದ ದಿನ ಬೆಳಿಗ್ಗೆ ಮುನಿರಾಜು ಎಂದಿನ ಹಾಗೆ ನಮ್ಮ ಮನೆಗೆ ಬಂದ. ಎಣ್ಣೆ ಹಚ್ಚಿ ಬಾಚಿದ ತಲೆ. ತಂಡದವರು ಕೊಟ್ಟಿದ್ದ ಪಟ್ಟೆಪಟ್ಟೆ ಅಂಗಿ. ಅಮ್ಮ ಜಗಲಿಯ ಮೇಲೆ ಇಬ್ಬರಿಗೂ ಅವರೆಕಾಳಿನ ಉಪ್ಪಿಟ್ಟು ತಂದಿಟ್ಟರು.

"ಬೇಡಮ್ಮ, ತಿಂದ್ಕೊಂಡೇ ಬಂದೆ" ಅಂದ.

ಅವನು ನಮ್ಮಮ್ಮನ ಉಪ್ಪಿಟ್ಟು ಬೇಡ ಅಂದದ್ದು ಅದೇ ಮೊದಲು. ಬೀದಿಗೆ ಇಳಿದು ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಹಿಡಿದು ತನ್ನ ಕತ್ತಿನ ಮೇಲಿಟ್ಟುಕೊಂಡ. ಒಲೆಯಿಂದ ಆಗತಾನೆ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು.

"ಜ್ವರ ಕಣೋ ಮುನಿರಾಜು!"

"ಯಾರ್ಗೂ ಹೇಳ್ಬೇಡ. ಇವತ್ತೊಂದಿನ ಓಡಿದ್ರೆ ಆಯ್ತು. ಆಮೇಲೆ ಮಲ್ಕೊಂಡ್ಬಿಡ್ತೀನಿ."

"ನಿಮ್ಮಮ್ಮಂಗೆ ಗೊತ್ತಾ?"

"ಗೊತ್ತಿದ್ರೆ ಬಿಡ್ತಿದ್ಲಾ? ಹೇಳ್ಬೇಡ ಅಂದ್ರೆ ಹೇಳ್ಬೇಡ. ನನ್ ಮೇಲಾಣೆ."

ಹೇಳಲ್ಲ ಅಂದೆ. ಯಾಕೆ ಹಾಗಂದೆ ಎಂದು ಆಮೇಲೆ ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಆಣೆ ಇಟ್ಟ ಎಂದೇ? ಅಥವಾ ಹೇಳಿದರೆ ಆ ಪಾತ್ರ ನನಗೆ ಬರುತ್ತದೆ, ಅದಕ್ಕಾಗಿಯೇ ಹೇಳಿದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ ಎಂಬ ಹೆದರಿಕೆಯೇ? ಎರಡೂ ಇದ್ದಿರಬೇಕು. ಅದರ ಕೆಳಗೆ ಇನ್ನೂ ಒಂದು ಇತ್ತು. ಅವನಿಗೆ ಓಡಲಿಕ್ಕೆ ಆಗದೆ ಹೋದರೆ ಎಂಬ ಯೋಚನೆ ಒಂದು ಕ್ಷಣ ಬಂದು ಹೋಗಿತ್ತು. ಆ ಯೋಚನೆಯಲ್ಲಿ ಸ್ವಲ್ಪ ಸಂತೋಷವೂ ಇತ್ತು. ಇದನ್ನು ಬರೆಯುವುದಕ್ಕೆ ಈ ವಯಸ್ಸಿನವರೆಗೆ ಕಾಯಬೇಕಾಯಿತು.

ಕೆರೆಯ ಕೆಳಗಿನ ಬಯಲಿನಲ್ಲಿ ಕ್ಯಾಮೆರಾ ನಿಂತಿತ್ತು. ಅಲ್ಲಿಂದ ಮೇಲೆ ನೋಡಿದರೆ ಏರಿ, ಏರಿಯ ಮೇಲೆ ಬರೀ ಆಕಾಶ. ಜಟಕಾ ಮುಂದೆ ಹೋಗಬೇಕು, ಹಿಂದೆ ಹುಡುಗ ಓಡಬೇಕು. ಊರಿಗೆ ಊರೇ ನೆರೆದಿತ್ತು. ಮೊದಲ ಸಲ ಓಡಿದಾಗ ಅರ್ಧದಲ್ಲಿ ಮೋಡ ಬಂತು. ಎರಡನೆಯ ಸಲ ಕುದುರೆ ಜನರನ್ನು ಕಂಡು ಬೆದರಿ ಅಡ್ಡ ತಿರುಗಿತು. ಮೂರನೆಯ ಸಲ ಯಾರದೋ ಎಮ್ಮೆ ಏರಿ ಹತ್ತಿಬಿಟ್ಟಿತು. ಜನ ನಕ್ಕರು, ಮುನಿರಾಜುವೂ ನಕ್ಕ. ಪ್ರತಿ ಸಲ ಅವನು ಮತ್ತೆ ಏರಿಯ ಆ ತುದಿಗೆ ನಡೆದು ಹೋಗಬೇಕಾಗಿತ್ತು. ನಾನು ನೀರಿನ ಚೊಂಬು ಹಿಡಿದುಕೊಂಡು ಅವನ ಜೊತೆ ನಡೆಯುತ್ತಿದ್ದೆ. ಆ ಬಿಸಿಲಿನಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಹೇಳಿಬಿಡ್ಲೇನೋ?" ಎಂದು ಕೇಳಿದೆ.

"ಸುಮ್ನಿರು."

ನಾಲ್ಕನೆಯ ಸಲ ಕ್ಯಾಮೆರಾದಲ್ಲೇ ಏನೋ ಸಿಕ್ಕಿಕೊಂಡಿತು. ಡೈರೆಕ್ಟರು ಏರಿ ಹತ್ತಿ ಬಂದು ಅವನ ಬೆನ್ನು ತಟ್ಟಿ, "ಸುಸ್ತಾಯ್ತೇನಪ್ಪ? ನಾಳೆ ತೆಗೆಯೋಣ್ವಾ?" ಅಂದರು. ಮುನಿರಾಜು ನನ್ನ ಮುಖ ನೋಡಿದ. ಆಮೇಲೆ, "ಇಲ್ಲ ಸಾರ್, ಇನ್ನೂ ಓಡ್ತೀನಿ" ಅಂದ. ನಾನು ಚೊಂಬಿನೊಳಗೆ ನೋಡುತ್ತಾ ನಿಂತಿದ್ದೆ.

ಐದನೆಯ ಸಲ ಅವನು ಓಡಿದ ಓಟ ಈಗಲೂ ನನ್ನ ಮೈಯಲ್ಲಿದೆ. ಜಟಕಾ ದೂರವಾಗುತ್ತಿತ್ತು. ಮುನಿರಾಜು ಮೊದಲು ಬಾಗಿಕೊಂಡು ಓಡಿದ, ನಡುವೆ ತಡವರಿಸಿ ಬೀಳುವವನಿದ್ದ, ಮತ್ತೆ ನೆಟ್ಟಗಾಗಿ ಎಡಗೈ ಬೀಸಿಕೊಂಡು ಜಟಕಾದ ಹಿಂದೆ ಹಿಂದೆಯೇ ಹೋದ. ನಿಲ್ಲಿಸು ಎಂದು ಕೂಗಿದ ಮೇಲೂ ಓಡುತ್ತಲೇ ಇದ್ದ. ಬಯಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡೈರೆಕ್ಟರು ಮಫ್ಲರಿನಿಂದ ಕಣ್ಣೊರೆಸಿಕೊಂಡು, "ಈ ಒಂದು ಓಟಕ್ಕೆ ನಾವು ಇಷ್ಟು ದೂರ ಬಂದದ್ದು ಸಾರ್ಥಕ" ಅಂದರು. ಏರಿಯ ಆ ತುದಿಯಲ್ಲಿ ಮುನಿರಾಜು ಹೊಂಗೆಮರದ ಬುಡದಲ್ಲಿ ಕೂತಿದ್ದ. ಅದೇ ಜಟಕಾದಲ್ಲಿ ಅವನನ್ನು ಮನೆಗೆ ಕಳಿಸಿದರು.

ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಡಾಕ್ಟರು ವಿಷಮಶೀತ ಜ್ವರ ಅಂದರು. ಆಗ ಆ ಹೆಸರು ಕೇಳಿದರೆ ಮನೆಗಳಲ್ಲಿ ಮಾತು ನಿಂತುಹೋಗುತ್ತಿತ್ತು. ಡೈರೆಕ್ಟರು ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂತರು.

"ಅಕ್ಕನ ಪಾತ್ರ ಮಾಡೋರು ಮುಂದಿನ ವಾರ ಹೊರಟುಬಿಡ್ತಾರೆ ಮೇಷ್ಟ್ರೇ. ಆ ಹುಡುಗ ಏಳೋದು ಯಾವಾಗ್ಲೋ. ಓಟ ಹೇಗೂ ದೂರದಿಂದ ತೆಗ್ದಿರೋದು, ಮುಖ ಕಾಣಲ್ಲ. ಅದು ಹಾಗೇ ಇರಲಿ. ಮಿಕ್ಕಿದ್ದಕ್ಕೆ..."

"ಅದು ಹೇಗಾಗತ್ತೆ ಸಾರ್? ಆ ಹುಡುಗ ಹಾಸಿಗೆ ಮೇಲಿರೋವಾಗ..." ಎಂದು ಅಪ್ಪ ತಡೆದರು.

ಬಾಗಿಲ ಹಿಂದೆ ನಿಂತಿದ್ದ ನಾನು, "ನಂಗೆ ಎಲ್ಲಾ ಮಾತೂ ಬರತ್ತೆ" ಅಂದುಬಿಟ್ಟೆ.

ಅಪ್ಪ ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಆ ನೋಟವನ್ನು ಮಾತ್ರ ಮರೆತಿಲ್ಲ.

ಪಟ್ಟೆಪಟ್ಟೆ ಅಂಗಿ ಮುನಿರಾಜುವಿನ ಮನೆಯಲ್ಲಿತ್ತು. ತರಲು ನನ್ನನ್ನೇ ಕಳಿಸಿದರು. ಅಕ್ಕಾಯಮ್ಮ ಅದನ್ನು ಒಗೆದು ಮಡಿಸಿ ಇಟ್ಟಿದ್ದರು. ಒಳಗೆ ಬರಬೇಡ, ಅಂಟುತ್ತದೆ, ಎಂದು ಕಿಟಕಿಯಿಂದ ಕೊಟ್ಟರು. ಅದೇ ಕಿಟಕಿಯಿಂದ ನೋಡಿದೆ. ಚಾಪೆಯ ಮೇಲೆ ಮುನಿರಾಜು ಮಲಗಿದ್ದ. ಕೂದಲು ಕತ್ತರಿಸಿದ್ದರು. ಕಣ್ಣುಗಳು ದೊಡ್ಡವಾಗಿದ್ದವು.

"ಸುಬ್ಬೂ, ನೀನು ಮಾಡ್ತೀಯಂತೆ."

"ಹೂಂ."

"ಓಟಾನೂ ನೀನೇ ಓಡ್ತೀಯಾ?"

"ಇಲ್ಲ ಕಣೋ. ಓಟ ನಿಂದೇ ಇಟ್ಕೋತಾರಂತೆ. ಡೈರೆಕ್ಟರೇ ಹೇಳಿದ್ರು."

ಅವನು ಒಣಗಿದ ತುಟಿಯಲ್ಲೇ ನಕ್ಕ. "ಹಂಗಾದ್ರೆ ಇಬ್ರೂ ಇರ್ತೀವಿ" ಅಂದ.

ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಮಿಕ್ಕ ದೃಶ್ಯಗಳನ್ನೆಲ್ಲ ನಾನು ಮಾಡಿದೆ. ಏರಿಯ ಮೇಲೆ ಕ್ಯಾಮೆರಾ ಹತ್ತಿರಕ್ಕೆ ತಂದು, ನನ್ನನ್ನು ನಿಂತಲ್ಲೇ ಕುಪ್ಪಳಿಸಿ ಏದುಸಿರು ಬರಿಸಿ, ಮುಖಕ್ಕೆ ನೀರು ಚಿಮುಕಿಸಿ, ಓಡಿ ಓಡಿ ಸೋತ ಹುಡುಗನ ಮುಖ ತೆಗೆದರು. "ಅಕ್ಕಾ, ನನ್ನ ಬಿಟ್ಟು ಹೋಗ್ತೀಯಾ?" ಎಂದು ಹೊಟ್ಟೆಯಿಂದಲೇ ಹೇಳಿದೆ. ಒಂದೇ ಸಲಕ್ಕೆ ಸರಿಯಾಯಿತು. ನೋಡುತ್ತಿದ್ದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು.

ಆಮೇಲೆ ಅಪ್ಪ ರಜೆ ಹಾಕಿ ನನ್ನನ್ನು ಮದರಾಸಿಗೆ ಕರೆದುಕೊಂಡು ಹೋದರು. ಮೂರು ವಾರ ಇದ್ದೆವು. ಸಮುದ್ರ ನೋಡಿದೆ, ಐಸ್‌ಕ್ರೀಂ ತಿಂದೆ. ಅಕ್ಕನ ಪಾತ್ರದವರು ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಸ್ಟುಡಿಯೋದವರು ಹೆಸರಿನ ಹಿಂದೆ ಮಾಸ್ಟರ್ ಸೇರಿಸಿದರು. ಕೊನೆಯ ದೃಶ್ಯ ಮುಗಿದ ದಿನ ಮಧ್ಯಾಹ್ನ ಅಪ್ಪ ನನ್ನನ್ನು ಸ್ಟುಡಿಯೋ ಹೊರಗಿನ ಬೇವಿನಮರದ ಕೆಳಗೆ ಕೂರಿಸಿ, ಜೇಬಿನಿಂದ ಅಮ್ಮ ಬರೆದ ಕಾಗದ ತೆಗೆದರು. ಮುನಿರಾಜು ಹೋಗಿಬಿಟ್ಟಿದ್ದ. ಕಾಗದದ ಮಡಿಕೆಗಳು ಸವೆದಿದ್ದವು. ಅದು ಬಂದು ಆಗಲೇ ನಾಲ್ಕು ದಿನವಾಗಿತ್ತು.

"ಹೇಳಿದ್ರೆ ನೀನು ಮಾಡ್ತಿರ್ಲಿಲ್ಲ ಮಗು" ಅಂದರು ಅಪ್ಪ. "ನನ್ನ ನಂಬ್ಕೊಂಡು ಅಷ್ಟು ಜನ ಕಾಯ್ತಿದ್ರು. ನಾನು ಮಾಡಿದ್ದು ಸರೀನೋ ತಪ್ಪೋ, ನಂಗೆ ಗೊತ್ತಾಗ್ತಿಲ್ಲ."

ಆ ನಾಲ್ಕು ದಿನವೂ ನಾನು ಕುಣಿದಾಡಿಕೊಂಡಿದ್ದೆ. ಅಪ್ಪನ ಮೇಲೆ ಬಂದ ಸಿಟ್ಟು ಅವರು ಇರುವವರೆಗೂ ಪೂರ್ತಿ ಹೋಗಲಿಲ್ಲ. ಮೆಲ್ಲನೆ ಮಾತು ಕಡಿಮೆಯಾಯಿತು, ಅಷ್ಟೆ. ನಾನು ಬಾಯಿಬಿಡದೆ ಇದ್ದದ್ದನ್ನು ಮರೆಯಲು ಅವರು ಬಾಯಿಬಿಡದೆ ಇದ್ದದ್ದನ್ನು ಹಿಡಿದುಕೊಂಡಿದ್ದೆನೋ ಏನೋ.

ಊರಿಗೆ ಬಂದ ಮೇಲೆ ಆ ಬೀದಿಯ ಕಡೆಗೇ ಹೋಗಲಿಲ್ಲ. ಅಕ್ಕಾಯಮ್ಮ ಆ ಸಲದ ಹುಳವನ್ನೆಲ್ಲ ಸೊಪ್ಪಿನ ಸಮೇತ ತಿಪ್ಪೆಗೆ ಸುರಿದುಬಿಟ್ಟರಂತೆ, ಅಮ್ಮ ಹೇಳಿದರು.

ಮುಂದಿನ ವರ್ಷ ಚಿತ್ರ ನಮ್ಮೂರಿನ ಟೆಂಟಿಗೆ ಬಂತು. ಎರಡನೆಯ ದಿನ ಶಾಲೆ ಬಿಡುವ ಹೊತ್ತಿಗೆ ಅಕ್ಕಾಯಮ್ಮ ಗೇಟಿನ ಹತ್ತಿರ ನಿಂತಿದ್ದರು. ತುಂಬ ಇಳಿದುಹೋಗಿದ್ದರು. ನನಗೆ ಓಡಿಹೋಗೋಣ ಅನ್ನಿಸಿತು.

"ಸುಬ್ಬು, ನಾಯನಾ, ನನ್ ಜತೆ ಟೆಂಟಿಗೆ ಬರ್ತೀಯಾ? ನಂಗೆ ಒಬ್ಳಿಗೇ ಗೊತ್ತಾಗಲ್ಲ. ಯಾವ್ದು ಅವ್ನು ಅಂತ ನೀನು ತೋರ್ಸು."

ಸಂಜೆಯ ಮೊದಲ ಆಟ. ಟೆಂಟಿನ ಮುಂಭಾಗದಲ್ಲಿ ಮರಳಿನ ಮೇಲೆ ಕೂತೆವು. ಕಡಲೆಕಾಯಿ ಸಿಪ್ಪೆ, ಬೀಡಿ ಹೊಗೆ, ಮಕ್ಕಳ ಗಲಾಟೆ. ಪರದೆಯ ಮೇಲೆ ನನ್ನ ಮುಖ ಬಂದ ಕೂಡಲೇ ಹಿಂದಿನವರೆಲ್ಲ, "ಸುಬ್ಬು! ಮೇಷ್ಟ್ರ ಮಗ!" ಎಂದು ಕೂಗಿದರು. ಅಕ್ಕಾಯಮ್ಮ ಪ್ರತಿ ಸಲವೂ ಮೆಲ್ಲಗೆ, "ಇದು?" ಎನ್ನುತ್ತಿದ್ದರು. ನಾನು, "ಇದು ನಾನು" ಎನ್ನುತ್ತಿದ್ದೆ. "ಇದು?" "ಇದೂ ನಾನೇ."

ಆಮೇಲೆ ಏರಿ ಬಂತು. ಪರದೆಯ ತುಂಬ ಆಕಾಶ, ಕೆಳಗೆ ಕಪ್ಪು ಗೆರೆಯ ಹಾಗೆ ಏರಿ. ಒಂದು ಕಡೆಯಿಂದ ಜಟಕಾ, ಅದರ ಹಿಂದೆ ಬೆರಳುದ್ದದ ಒಂದು ಆಕಾರ.

"ಇದು ಅವ್ನು" ಅಂದೆ.

ನಾನು ಹೇಳುವುದಕ್ಕೆ ಮೊದಲೇ ಅವರಿಗೆ ತಿಳಿದಿತ್ತು. ಮೊಣಕಾಲೂರಿ ಎದ್ದಿದ್ದರು. ಹಿಂದಿನವರು, "ಕೂತ್ಕೊಳ್ರಮ್ಮ" ಎಂದು ಬೈದರೂ ಕೂರಲಿಲ್ಲ. "ಔನು, ಔನು... ಎಡಗೈ ನೋಡು" ಎಂದು ತೆಲುಗು ಕನ್ನಡ ಎರಡರಲ್ಲೂ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಎಷ್ಟು ಹೊತ್ತು ಇತ್ತು ಆ ಓಟ? ನಿಧಾನವಾಗಿ ನಾಲ್ಕೈದು ಸಲ ಉಸಿರಾಡುವಷ್ಟು. ಆಮೇಲೆ ಏದುಸಿರು ಬಿಡುತ್ತಿದ್ದ ನನ್ನ ಮುಖ ಪರದೆಯ ತುಂಬ ಬಂತು. ಟೆಂಟಿಗೆ ಟೆಂಟೇ ಬಿಕ್ಕಿತು. ಅಕ್ಕಾಯಮ್ಮ ಅಳಲಿಲ್ಲ. ಎದ್ದು, ಮರಳು ಕೊಡವಿಕೊಂಡು, ಹೊರಟುಹೋದರು.

ಚಿತ್ರ ಇದ್ದಷ್ಟು ದಿನವೂ ಅವರು ಆ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು. ಟೆಂಟಿನವನು ಒಂದು ಮಗ್ಗುಲ ಗುಡಾರದ ಬಟ್ಟೆ ಎತ್ತಿ ಹಿಡಿಯುತ್ತಿದ್ದ. ನಿಂತು ಓಟ ನೋಡಿ, ನನ್ನ ಮುಖ ಬರುವುದಕ್ಕೆ ಮೊದಲೇ ತಿರುಗಿ ಹೋಗುತ್ತಿದ್ದರು. ಚಿತ್ರ ಚಿಂತಾಮಣಿಗೆ ಹೋದಾಗ ಸಣ್ಣ ರೈಲು ಹತ್ತಿ ತವರಿಗೆ ಹೋದರು. ಅಲ್ಲಿಂದ ಅದು ಗೌರಿಬಿದನೂರಿಗೆ ಹೋಯಿತು ಎಂದು ಕೇಳಿ ಅಲ್ಲಿಗೂ ಹೊರಟರಂತೆ. ನಾರಾಯಣಪ್ಪ ಹೋಗಿ ಕರೆದುಕೊಂಡು ಬಂದರು.

ನಾನು ಇನ್ನೂ ಏಳೆಂಟು ಚಿತ್ರಗಳಲ್ಲಿ ಹುಡುಗನಾದೆ. ದನಿ ಒಡೆದ ಮೇಲೆ ಯಾರಿಗೂ ಬೇಡವಾದೆ. ಅದೇ ಡೈರೆಕ್ಟರು ನನ್ನನ್ನು ಸಹಾಯಕನಾಗಿ ಇಟ್ಟುಕೊಂಡು ಕೆಲಸ ಕಲಿಸಿದರು. ಅರವತ್ತರ ದಶಕದ ಕೊನೆಗೆ, ನನಗೆ ಇಪ್ಪತ್ತೈದು ಸಮೀಪಿಸುತ್ತಿದ್ದಾಗ, ನಾನೇ ಒಂದು ಚಿತ್ರ ನಿರ್ದೇಶಿಸುವ ಅವಕಾಶ ಬಂತು. ಆ ಸಲ ಊರಿಗೆ ಹೋದವನು ಧೈರ್ಯ ಮಾಡಿ ಕೆರೆಯ ಕೆಳಗಿನ ಬೀದಿಗೆ ನಡೆದೆ. ಅಕ್ಕಾಯಮ್ಮ ಗುರುತು ಹಿಡಿದು ಚಾಪೆ ಹಾಸಿದರು. ನಾರಾಯಣಪ್ಪ ತೀರಿಕೊಂಡಿದ್ದರು. ತಟ್ಟೆಗಳು ಮತ್ತೆ ಬಂದಿದ್ದವು, ಹುಳ ಸೊಪ್ಪು ತಿನ್ನುತ್ತಿದ್ದವು.

ನನ್ನ ಸಮಾಚಾರವೆಲ್ಲ ಕೇಳಿದ ಮೇಲೆ ಅಕ್ಕಾಯಮ್ಮ, "ಒಂದು ಕೇಳ್ಲಾ?" ಅಂದರು. "ಅವ್ನ್ದು ಒಂದು ಪಟ ಇಲ್ಲ ನಮ್ಮನೇಲಿ. ಆಗ ತೆಗ್ಸಿರ್ಲಿಲ್ಲ. ಆ ಬಯಾಸ್ಕೋಪಿಂದ ಅವ್ನು ಓಡೋದು ಒಂದು ತುಂಡು ತೆಗ್ದು ಪಟ ಮಾಡ್ಕೊಡ್ತೀಯಾ?"

ಅದೇನು ದೊಡ್ಡ ಕೆಲಸ, ತಂದುಕೊಡುತ್ತೇನೆ ಎಂದೆ. ಮದರಾಸಿಗೆ ಹೋಗಿ ಹುಡುಕಿದೆ. ಚಿತ್ರದ ಮೂಲ ನೆಗೆಟಿವನ್ನು ಅದರಲ್ಲಿರುವ ಬೆಳ್ಳಿಗಾಗಿ ಎಂದೋ ಕರಗಿಸಿಬಿಟ್ಟಿದ್ದರು. ಒಂದೇ ಒಂದು ಪ್ರತಿ ಬೆಂಗಳೂರಿನ ಒಂದು ಗೋದಾಮಿನಲ್ಲಿ ಇರಬಹುದು ಎಂದರು. ಅಲ್ಲಿಗೂ ಹೋದೆ. ತುಕ್ಕು ಹಿಡಿದ ಡಬ್ಬಿಗಳನ್ನು ತೆರೆದಾಗ ಹುಳಿ ವಾಸನೆ ಬಂತು. ಸುರುಳಿಗಳು ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿದ್ದವು. ಕೈಯಲ್ಲಿ ಬಿಡಿಸಲು ಹೋದರೆ ಪುಡಿಪುಡಿಯಾಯಿತು. ಆ ಹೊತ್ತು ನೆಲದ ಮೇಲೆ ಕೂತು, ಪ್ರತಿ ಚೂರನ್ನೂ ಬಲ್ಬಿಗೆ ಹಿಡಿದು ನೋಡಿದೆ. ಎಲ್ಲಾದರೂ ಒಂದು ಕಡೆ ಏರಿ ಕಾಣಬಹುದು ಎಂದು. ಒಂದು ಚೂರಿನಲ್ಲಿ ಮಾತ್ರ ಏನೋ ಉಳಿದಿತ್ತು. ಅದು ನನ್ನ ಕಿವಿ, ಕೆನ್ನೆಯ ಒಂದು ಭಾಗ.

ಬರಿಗೈಯಲ್ಲಿ ಹೋಗಿ ಅಕ್ಕಾಯಮ್ಮನ ಮುಂದೆ ಕೂತೆ. ಸಿಗಲಿಲ್ಲ ಎಂದೆ. ಅವರು ಸೊಪ್ಪು ಹೆಚ್ಚುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಹದಿನೈದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

"ಅಮ್ಮಾ, ಆವತ್ತು ಅವ್ನಿಗೆ ಜ್ವರ ಇತ್ತು. ನಂಗೆ ಗೊತ್ತಿತ್ತು. ಅವ್ನ ಕತ್ತು ಮುಟ್ಟಿ ನೋಡಿದ್ದೆ. ನಾನು ಯಾರಿಗೂ ಹೇಳ್ಲಿಲ್ಲ."

ಈಳಿಗೆಮಣೆಯ ಮೇಲೆ ಅವರ ಕೈ ನಿಂತಿತು. ನನ್ನ ಮುಖ ನೋಡಲಿಲ್ಲ. "ನಂಗೂ ಗೊತ್ತಿತ್ತಪ್ಪ" ಅಂದರು.

ನನಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿತು.

"ಹಿಂದಿನ ಸಾಯಂಕಾಲವೇ ಬಂದಿತ್ತು. ಬೆಳಿಗ್ಗೆ ಎದ್ದು ನನ್ ಕಾಲು ಹಿಡ್ಕೊಂಡ, ಇವತ್ತೊಂದಿನ ಕಳ್ಸಮ್ಮಾ ಅಂತ. ನಂಗೂ ಆಸೆ ಇತ್ತು ಸುಬ್ಬು. ನಮ್ಮೋನು ಬಯಾಸ್ಕೋಪಲ್ಲಿ ಬರ್ಲಿ, ನಮ್ಮಣ್ಣನೋರು ನೋಡ್ಲಿ ಅಂತ. ತಲೆಗೆ ಎಣ್ಣೆ ಹಚ್ಚಿ ಬಾಚ್ದೆ. ಯಾರ್ಗೂ ಹೇಳ್ಬೇಡ ನಾಯನಾ, ಹೇಳಿದ್ರೆ ನಿನ್ನ ಬಿಟ್ಟು ಬೇರೇರ್ನ ತಗೋತಾರೆ ಅಂತ ನಾನೇ ಹೇಳ್ಕೊಟ್ಟು ಕಳ್ಸ್ದೆ."

ಅಮ್ಮನಿಗೆ ಗೊತ್ತಾದರೆ ಬಿಡುವುದಿಲ್ಲ ಎಂದು ಅವನು ನನಗೆ ಹೇಳಿದ್ದು ಸುಳ್ಳು. ಅಷ್ಟು ಜ್ವರದಲ್ಲಿಯೂ ಅವನು ತಾಯಿಯನ್ನು ಬಿಟ್ಟುಕೊಟ್ಟಿರಲಿಲ್ಲ.

"ಅವ್ರಿಗೂ ಹೇಳ್ಲಿಲ್ಲ" ಎಂದರು ಅಕ್ಕಾಯಮ್ಮ. ಗಂಡನ ಬಗ್ಗೆ ಹೇಳುತ್ತಿದ್ದರು. "ಹಂಗೇ ಹೋದ್ರು."

ಅವರು ಸೊಪ್ಪು ಹೆಚ್ಚಿದರು. ನಾನು ಹೆಚ್ಚಿದ ಸೊಪ್ಪನ್ನು ಬುಟ್ಟಿಗೆ ತುಂಬಿದೆ. ಹುಳಗಳಿಗೆ ಇಬ್ಬರೂ ಸೇರಿ ಸೊಪ್ಪು ಹಾಕಿದೆವು. ಹೊರಡುವಾಗ, "ಊಟ ಮಾಡ್ಕೊಂಡ್ ಹೋಗಪ್ಪ" ಅಂದರು. ಮಾಡಿದೆ.

ಆಮೇಲೆ ಒಬ್ಬ ಡಾಕ್ಟರ ಸ್ನೇಹಿತರನ್ನು ಕೇಳಿದ್ದೇನೆ. ಆ ಜ್ವರಕ್ಕೆ ಓಟ ಕಾರಣವಲ್ಲ, ಓಡದೇ ಇದ್ದಿದ್ದರೂ ಹೀಗೇ ಆಗಬಹುದಿತ್ತು ಅಂದರು. ಆಗಬಹುದಿತ್ತು ಅಂದರು, ಆಗುತ್ತಿತ್ತು ಅನ್ನಲಿಲ್ಲ. ಈ ವಿಷಯ ಅಕ್ಕಾಯಮ್ಮನಿಗೆ ತಿಳಿಸಬೇಕು ಎಂದುಕೊಳ್ಳುತ್ತಿರುವಾಗಲೇ ಅವರು ತೀರಿಕೊಂಡರು.

ನನಗೀಗ ಎಂಬತ್ತರ ಹತ್ತಿರ. ಸಣ್ಣ ರೈಲು ನಿಂತುಹೋಗಿ, ಅದರ ಕಂಬಿಯ ಜಾಗದಲ್ಲಿ ದೊಡ್ಡ ರೈಲು ಬಂದಿದೆ. ಟೆಂಟಿದ್ದ ಬಯಲಿನಲ್ಲಿ ಮನೆಗಳಾಗಿವೆ. ಅವು ಹೋ‌ದದ್ದಕ್ಕೆ ನನಗೆ ಅಷ್ಟೇನೂ ದುಃಖವಿಲ್ಲ. ಆ ಓಟವನ್ನು ಕಣ್ಣಾರೆ ನೋಡಿದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ ಇರಬೇಕು. ನಾನಾದರೂ ಅದನ್ನು ಸರಿಯಾಗಿ ಇಟ್ಟುಕೊಳ್ಳಬೇಕಾಗಿತ್ತು.

ಇಟ್ಟುಕೊಳ್ಳಲು ಆಗಿಲ್ಲ. ಜೀವಮಾನವೆಲ್ಲ ದೂರದ ದೃಶ್ಯದ ಪಕ್ಕಕ್ಕೆ ಹತ್ತಿರದ ಮುಖ ಜೋಡಿಸುವ ಕೆಲಸ ಮಾಡಿದವನು ನಾನು. ಕಣ್ಣು ಮುಚ್ಚಿದರೆ ಏರಿ ಬರುತ್ತದೆ, ಆಕಾಶ ಬರುತ್ತದೆ, ಪಟ್ಟೆ ಅಂಗಿಯ ಹುಡುಗ ಓಡುತ್ತಾನೆ. ಮುನಿರಾಜೂ ಎಂದು ಕೂಗುತ್ತೇನೆ. ಅವನು ನಿಂತು, ಏದುಸಿರು ಬಿಡುತ್ತಾ ತಿರುಗಿ ನೋಡುತ್ತಾನೆ. ಆ ಮುಖ ನನ್ನದಾಗಿರುತ್ತದೆ.